ಎಲ್‌ಇಡಿ ಬದಲಿಸುವ ಮೊದಲು ಆ ರೆಸಿಸ್ಟರ್ ಕಡೆ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕರೆಂಟು ಹೋದಾಗ ಹಚ್ಚಲೆಂದು 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ ಒಂದು ವ್ಯಾಟಿನ ಒಂಬತ್ತು ಬಿಳಿ ಎಲ್‌ಇಡಿ ಜೋಡಿಸಿದ್ದೀರಿ. ಮೂರು ಮೂರರಂತೆ ಮೂರು ಸಾಲು, ಮೂರೂ ಸಾಲಿಗೆ ಸೇರಿ ವಿದ್ಯುತ್ತಿನ ಹರಿವನ್ನು ಮಿತಿಯಲ್ಲಿಡುವ 3.3 ಓಮಿನ ಒಂದೇ ರೆಸಿಸ್ಟರ್. ಮೂರು ತಿಂಗಳು ಚೆನ್ನಾಗಿ ಉರಿಯಿತು. ಆಮೇಲೆ ಒಂದು ಸಾಲು ಮಿಣುಕಿ ಆರಿತು, ವಾರದೊಳಗೆ ಎರಡನೆಯದು, ಅದರ ಮರುದಿನವೇ ಮೂರನೆಯದು. ಬ್ಯಾಟರಿ ಮಾತ್ರ 12.6 ವೋಲ್ಟ್ ತೋರಿಸುತ್ತಿದೆ. ಅಂಗಡಿಯವರು ಎಲ್‌ಇಡಿಯೇ ಕಳಪೆ ಎಂದಿದ್ದಾರೆ, ಬೇರೆ ಒಂಬತ್ತು ತರಲೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ತರಬೇಡಿ. ತಂದರೆ ಅವೂ ಇದೇ ದಾರಿ ಹಿಡಿಯುತ್ತವೆ. ಎರಡು ಸಲ ತಂದು ಹಾಕಿ ಕೈ ಸುಟ್ಟುಕೊಂಡವನ ಮಾತಿದು.

ನಮ್ಮದು ಮಲೆನಾಡು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬೆಳಗಿನ ಜಾವ ಹಾಲು ಕರೆಯಲು ಬೆಳಕಿರಲೆಂದು ಕೊಟ್ಟಿಗೆಗೆ ನಿಮ್ಮದರಂಥದ್ದೇ ದೀಪ ಮಾಡಿದ್ದೆ. ಅದು ಎರಡು ಬಾರಿ ಸತ್ತಿತು. ಎರಡು ಬಾರಿಯೂ ನಾನು ಎಲ್‌ಇಡಿಯನ್ನೇ ಬೈದು ಹೊಸದನ್ನು ಬೆಸೆದೆ. ಮೂರನೆಯ ಸಲ ಬೆಸೆಯುತ್ತ ಕೂತಿದ್ದಾಗ ಅಮ್ಮ ಹಾಲಿನ ಪಾತ್ರೆ ತೊಳೆಯುತ್ತಲೇ, ‘ಚಾರ್ಜಿಗೆ ಹಾಕಿದಾಗಲೇ ಇದು ಚೆನ್ನಾಗಿ ಉರಿಯುವುದು’ ಎಂದರು. ಅವರು ದೀಪವನ್ನು ಹೊಗಳಿದ್ದು. ನನಗೆ ಮಾತ್ರ ಕಳ್ಳ ಸಿಕ್ಕಿದ್ದ.

ಲೆಕ್ಕ ನೋಡಿ. ಒಂದು ಬಿಳಿ ಎಲ್‌ಇಡಿ ಉರಿಯುವಾಗ ಸುಮಾರು 3.2 ವೋಲ್ಟ್ ಹಿಡಿದುಕೊಳ್ಳುತ್ತದೆ, ಮೂರಕ್ಕೆ 9.6. ಬ್ಯಾಟರಿಯ 12.6ರಲ್ಲಿ ಉಳಿಯುವ 3 ವೋಲ್ಟ್ ರೆಸಿಸ್ಟರಿನ ಪಾಲು. ಅದನ್ನು 3.3ರಿಂದ ಭಾಗಿಸಿದರೆ ಸುಮಾರು 0.9 ಆಂಪಿಯರ್, ಅಂದರೆ 900 ಮಿಲಿಆಂಪಿಯರ್, ಸಾಲಿಗೆ 300. ಒಂದು ವ್ಯಾಟಿನ ಎಲ್‌ಇಡಿ 350ರವರೆಗೆ ತಾಳುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯೇ. ಆದರೆ ಚಾರ್ಜ್ ಆಗುವಾಗ ಬ್ಯಾಟರಿಯ ತುದಿಯಲ್ಲಿ 14.4 ವೋಲ್ಟಿನವರೆಗೂ ಏರುತ್ತದೆ. ಆಗ ರೆಸಿಸ್ಟರಿನ ಪಾಲು 4.8 ವೋಲ್ಟ್, ಸಾಲಿಗೆ ಹತ್ತಿರ ಹತ್ತಿರ 480 ಮಿಲಿಆಂಪಿಯರ್. ದೀಪ ಬೆಳ್ಳಗೆ ಹೊಳೆಯುತ್ತದೆ, ನಾವು ಖುಷಿಪಡುತ್ತೇವೆ, ಅದು ಒಳಗೊಳಗೇ ಬೇಯುತ್ತಿರುತ್ತದೆ.

ಮುಂದಿನದು ಇನ್ನೂ ಕೆಟ್ಟದ್ದು. ರೆಸಿಸ್ಟರ್ ಒಂದೇ ಆದ್ದರಿಂದ ಒಂದು ಸಾಲು ಸತ್ತರೆ ಅದರ ಪಾಲೂ ಉಳಿದೆರಡರ ತಲೆಗೆ ಬರುತ್ತದೆ: ಸಾಧಾರಣ ಬ್ಯಾಟರಿಯಲ್ಲೇ ತಲಾ 450ರ ಸಮೀಪ. ಇನ್ನೊಂದೂ ಹೋದರೆ ಕೊನೆಯದಕ್ಕೆ ಪೂರಾ ಹೊರೆ. ನಿಮ್ಮ ಮೊದಲ ಸಾವಿಗೆ ಮೂರು ತಿಂಗಳು, ಎರಡನೆಯದಕ್ಕೆ ಒಂದು ವಾರ, ಮೂರನೆಯದಕ್ಕೆ ಒಂದು ದಿನ ಹಿಡಿದದ್ದು ಕಾಕತಾಳೀಯವಲ್ಲ.

ಈಗ ಪರೀಕ್ಷೆಗೆ ಬನ್ನಿ. ಮೊದಲು ಬ್ಯಾಟರಿ. ಹೊರೆಯಿಲ್ಲದೆ ಅಳೆದ 12.6ನ್ನು ನಂಬಬೇಡಿ, ಸೋತ ಬ್ಯಾಟರಿಯೂ ಅಷ್ಟು ತೋರಿಸಬಲ್ಲದು. ಬೈಕಿನ ಇಂಡಿಕೇಟರಿನ 12 ವೋಲ್ಟ್ 10 ವ್ಯಾಟಿನ ಬಲ್ಬು ಎಳೆಯುವುದು ನಿಮ್ಮ ದೀಪದಷ್ಟೇ. ಅದನ್ನು ಹತ್ತು ನಿಮಿಷ ಉರಿಸಿ, ಉರಿಯುತ್ತಿರುವಾಗಲೇ ಅಳೆಯಿರಿ. 12ರ ಆಸುಪಾಸು ನಿಂತರೆ ಚಿಂತೆಯಿಲ್ಲ. 11ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿಯೂ ಮುಗಿದಿದೆ.

ಬಳಿಕ ಬ್ಯಾಟರಿ ಬಿಚ್ಚಿಟ್ಟು ರೆಸಿಸ್ಟರ್ ಅಳೆಯಿರಿ. 3ರಿಂದ 4 ಓಮ್ ಬಂದರೆ ಬದುಕಿದೆ. ಮೀಟರು ಏನನ್ನೂ ತೋರಿಸದಿದ್ದರೆ ಅದು ಸುಟ್ಟಿದೆ. ಹಾಗಾಗಿದ್ದರೆ ನಿಮಗೆ ಲಾಭವೇ, ಮೂರನೆಯ ಸಾಲಿನ ಎಲ್‌ಇಡಿಗಳು ಚೆನ್ನಾಗಿಯೇ ಇರಬಹುದು.

ಎಲ್‌ಇಡಿ ಪರೀಕ್ಷಿಸುವಾಗ ಬಹಳ ಜನ ಎಡವುವ ಜಾಗವೊಂದಿದೆ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಮುಟ್ಟಿಸುತ್ತಾರೆ, ಹತ್ತಲಿಲ್ಲವೆಂದರೆ ಎಸೆದುಬಿಡುತ್ತಾರೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಬಿಳಿಯದಕ್ಕೆ 3ರ ಹತ್ತಿರ ಬೇಕು. ಅಗ್ಗದ ಮೀಟರುಗಳು ಆ ಸ್ಥಾನದಲ್ಲಿ ಅಷ್ಟು ಕೊಡುವುದೇ ಇಲ್ಲ. ಅದರ ಬದಲು 9 ವೋಲ್ಟಿನ ಚೌಕ ಬ್ಯಾಟರಿಗೆ 1 ಕಿಲೋಓಮಿನ ರೆಸಿಸ್ಟರ್ ಸೇರಿಸಿ, ಪ್ಲಸ್ ಗುರುತು ನೋಡಿ, ಒಂದೊಂದೇ ಎಲ್‌ಇಡಿಗೆ ಮುಟ್ಟಿಸಿ. ಬೆಸುಗೆ ಬಿಚ್ಚಬೇಕಾಗಿಲ್ಲ. 6 ಮಿಲಿಆಂಪಿಯರಿಗೂ ಜೀವವಿದ್ದದ್ದು ಸ್ಪಷ್ಟವಾಗಿ ಬೆಳಗುತ್ತದೆ. ಸತ್ತದ್ದರ ಹಳದಿ ಮೈಯಲ್ಲಿ ಅನೇಕ ಸಲ ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ. ಒಂಬತ್ತರಲ್ಲಿ ಮೂರೋ ನಾಲ್ಕೋ ಹೋಗಿರಬಹುದು, ಅಷ್ಟೇ. ಸಾಲಿನಲ್ಲಿ ಒಂದು ಕಡಿದರೆ ಮೂರೂ ಕತ್ತಲಾಗುತ್ತವೆಯಲ್ಲವೇ?

ಹಾಗೆಯೇ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಎಲ್‌ಇಡಿ ಅಂಟಿಸಿದ್ದೀರೆಂದು ಬರೆದಿದ್ದೀರಿ. ಅದು ಬೇಡವೇ ಬೇಡ. ಎಲ್‌ಇಡಿ ತಿನ್ನುವ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗುತ್ತದೆ, ಅದಕ್ಕೆ ಹೊರದಾರಿ ಬೇಕು. ಹಳೆಯ ಅಲ್ಯುಮಿನಿಯಂ ತಟ್ಟೆಯೊಂದನ್ನು ಹುಡುಕಿ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಿ. ಸ್ಟೀಲ್ ತಟ್ಟೆ ನೋಡಲು ಚೆಂದ, ಶಾಖ ಸಾಗಿಸುವುದರಲ್ಲಿ ಮಾತ್ರ ಮಹಾ ಸೋಮಾರಿ.

ಇನ್ನು ರೆಸಿಸ್ಟರ್. ಆ 3.3 ಓಮಿನದನ್ನು ತೆಗೆದು ಪ್ರತಿ ಸಾಲಿಗೂ 15 ಓಮ್, 5 ವ್ಯಾಟಿನ ಒಂದೊಂದು ಹಾಕಿ, ಬಿಳಿ ಇಟ್ಟಿಗೆಯಂತೆ ಇರುತ್ತದಲ್ಲ, ಅದು. 14.4 ವೋಲ್ಟಿನಲ್ಲೂ ಸಾಲಿಗೆ 320 ಮಿಲಿಆಂಪಿಯರ್ ದಾಟುವುದಿಲ್ಲ, ಒಂದು ಸಾಲು ಸತ್ತರೂ ಉಳಿದವಕ್ಕೆ ಅದರ ಗೊಡವೆಯಿಲ್ಲ. ಬ್ಯಾಟರಿಯಲ್ಲಿ ಉರಿಯುವಾಗ ಸಾಲಿಗೆ 200ರಷ್ಟೇ ಹರಿಯುವುದರಿಂದ ಬೆಳಕು ಮೊದಲಿಗಿಂತ ಮಂದವಾಗುತ್ತದೆ, ನಿಜ. ಹಾಲು ಕರೆಯಲು, ಮಕ್ಕಳು ಓದಲು ಧಾರಾಳವಾಗಿ ಸಾಕು. ಬ್ಯಾಟರಿಯ ಪ್ಲಸ್ ತಂತಿಗೆ 2 ಆಂಪಿಯರಿನ ಫ್ಯೂಸೊಂದನ್ನು ಮರೆಯದೆ ಸೇರಿಸಿ. ಈ ಬ್ಯಾಟರಿಗಳು ಶಾರ್ಟ್ ಆದರೆ ತಂತಿ ಕೆಂಪಗೆ ಕಾಯುತ್ತದೆ.

ಎಲ್ಲ ಜೋಡಿಸಿದ ಮೇಲೆ ದೀಪ ಹಚ್ಚಿ ಒಂದೊಂದು ರೆಸಿಸ್ಟರಿನ ಎರಡು ತುದಿಗಳ ನಡುವೆ ವೋಲ್ಟ್ ಅಳೆಯಿರಿ. ಚಾರ್ಜರ್ ಇಲ್ಲದೆ 3ರ ಆಸುಪಾಸು, ಚಾರ್ಜರ್ ಹಾಕಿದಾಗ 5ರ ಒಳಗೆ ಇರಬೇಕು. ಮೂರರಲ್ಲಿ ಯಾವುದಾದರೂ ಒಂದು ತೀರ ಬೇರೆ ತೋರಿಸಿದರೆ ಆ ಸಾಲಿನ ಬೆಸುಗೆಗಳನ್ನು ಮತ್ತೊಮ್ಮೆ ಕಾಯಿಸಿ. ಆಗಲೂ ಸರಿಹೋಗದಿದ್ದರೆ ಮೂರು ಸಾಲಿನ ಅಳತೆಗಳನ್ನೂ ಇಲ್ಲಿ ಬರೆಯಿರಿ, ನೋಡೋಣ.