ಡ್ಯೂರುಫ್ಲೇ ಯಾಕೆ ಅಷ್ಟು ಕಮ್ಮಿ ಬರೆದ್ರು?

ಪ್ರಶ್ನೆ: ಸರ್, ನಮ್ಮ ಚರ್ಚ್ ಕಾಯರ್‌ನಲ್ಲಿ ಫ್ರಾನ್ಸಿನ ಸಂಗೀತ ರಚನೆಕಾರ, ಆರ್ಗನ್ ವಾದಕ ಮೌರೀಸ್ ಡ್ಯೂರುಫ್ಲೇ ಅವರ 'ಉಬಿ ಕಾರಿತಾಸ್' ಅನ್ನೋ ಲ್ಯಾಟಿನ್ ಹಾಡು ಕಲೀತಾ ಇದೀವಿ. ಅವರು ಬರೆದಿದ್ದೇ ತುಂಬಾ ಕಮ್ಮಿ ಅಂತಾರೆ, ಯಾಕೆ? ಅವರ ರಿಕ್ವಿಯಮ್ (ಸತ್ತವರಿಗಾಗಿ ಮಾಡೋ ಪೂಜೆಯ ಸಂಗೀತ), ಅವರಿಗಿಂತ ಹಿಂದಿನ ಫ್ರೆಂಚ್ ರಚನೆಕಾರ ಫೋರೇ ಬರೆದ ರಿಕ್ವಿಯಮ್‌ನ ಕಾಪಿ ಅನ್ನೋದು ನಿಜಾನಾ?

ಉತ್ತರ: ಕಮ್ಮಿ ಅನ್ನೋದು ನಿಜ. 1902ರಲ್ಲಿ ಹುಟ್ಟಿ 1986ರವರೆಗೆ ಬದುಕಿದ್ರು, ಓಪಸ್ ನಂಬರ್ (ರಚನೆಕಾರರ ಕೃತಿಗಳಿಗೆ ಕೊಡೋ ಕ್ರಮಸಂಖ್ಯೆ) ಇರೋ ಕೃತಿಗಳು ಬರೀ 14. ಸೋಮಾರಿತನ ಅಲ್ಲ ರೀ, ಬರೆದದ್ದು ಅವರಿಗೇ ಸಮಾಧಾನ ಆಗ್ತಿರ್ಲಿಲ್ಲ, ತಿದ್ದಿದ್ದೇ ತಿದ್ದಿದ್ದು. ಆರ್ಗನ್‌ಗೆ ಬರೆದ 'ಸ್ವೀಟ್' (suite, ಹಲವು ಭಾಗಗಳ ಕೃತಿ) ಇದ್ಯಲ್ಲ, ಅದರ ಕೊನೇ ಭಾಗ ತೊಕ್ಕಾತಾ, ವೇಗವಾಗಿ ನುಡಿಸೋ ತುಣುಕು, ಅದನ್ನ ಜಗತ್ತೇ ಮೆಚ್ಚಿ ನುಡಿಸತ್ತೆ, ಅವರಿಗೆ ಮಾತ್ರ ಹಿಡಿಸ್ಲೇ ಇಲ್ಲ.

ಕಾಪಿ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಇಬ್ಬರೂ 'ದಿಯೆಸ್ ಇರೇ' ಅನ್ನೋ ಕೊನೇ ತೀರ್ಪಿನ ಉದ್ದ ಪದ್ಯ ಬಿಟ್ಟು 'ಪಿಯೆ ಯೇಸು', 'ಇನ್ ಪಾರಾದಿಸುಮ್' ಅನ್ನೋ ಶಾಂತವಾದ ಪ್ರಾರ್ಥನೆಗಳನ್ನ ಇಟ್ಕೊಂಡಿದಾರೆ, ಅಷ್ಟರಮಟ್ಟಿಗೆ ಹೋಲಿಕೆ ಇದೆ. ಆದ್ರೆ ಡ್ಯೂರುಫ್ಲೇ ಚಿಕ್ಕ ವಯಸ್ಸಲ್ಲೇ ಫ್ರಾನ್ಸಿನ ರೂಆನ್ ಕ್ಯಾಥೆಡ್ರಲ್‌ನ ಕಾಯರ್ ಹುಡುಗ, ದಿನಾ ಗ್ರೆಗೋರಿಯನ್ ಚಾಂಟ್ (ಹಾರ್ಮನಿ ಇಲ್ಲದೆ ಒಂದೇ ರಾಗದಲ್ಲಿ ಹಾಡೋ ಚರ್ಚಿನ ಹಳೇ ಲ್ಯಾಟಿನ್ ಹಾಡು) ಹಾಡ್ಕೊಂಡು ಬೆಳೆದೋರು, ಸತ್ತವರ ಪೂಜೆಯ ಆ ಹಳೇ ಚಾಂಟ್‌ಗಳನ್ನೇ ತಗೊಂಡು ಅದರ ಸುತ್ತ ಇಪ್ಪತ್ತನೇ ಶತಮಾನದ ಹಾರ್ಮನಿ ಕಟ್ಟಿ 1947ರಲ್ಲಿ ರಿಕ್ವಿಯಮ್ ಮುಗಿಸಿ ತಮ್ಮ ತಂದೆಯ ನೆನಪಿಗೆ ಅರ್ಪಿಸಿದ್ರು. ಫೋರೇದಲ್ಲಿ ಮೆಲೊಡಿಗಳು ಫೋರೇದ್ದೇ. ಇಲ್ಲಿ ರಾಗ ಹಳೇದು, ಅದು ಉಸಿರಾಡೋ ರೀತಿ ಹೊಸದು.

ಆಮೇಲೆ 1960ರ ದಶಕದಲ್ಲಿ ಎರಡನೇ ವ್ಯಾಟಿಕನ್ ಕೌನ್ಸಿಲ್ (ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆ) ಆಗಿ ಪೂಜೆ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಂತು, ಚಾಂಟ್ ಚರ್ಚ್‌ಗಳಿಂದ ಮಾಯ ಆಗ್ತಾ ಹೋಯ್ತು. ಜೀವನವಿಡೀ ಅದನ್ನೇ ನಂಬಿದೋರಿಗೆ ಇದು ತುಂಬಾ ನೋವಾಯ್ತು. ಅಂಥಾ ಹೊತ್ತಲ್ಲೇ, 1966ರಲ್ಲಿ, ಗಂಡಸರ ದನಿಗಳಷ್ಟೇ ಇರೋ 'ಕುಮ್ ಯೂಬಿಲೋ' ಮಾಸ್ (ಕ್ಯಾಥೊಲಿಕ್ ಪೂಜೆಯ ಸಂಗೀತ) ಬಂತು, ಅದೂ ಚಾಂಟ್ ಮೇಲೇ. 1975ರ ಕಾರ್ ಆಕ್ಸಿಡೆಂಟ್‌ನಲ್ಲಿ ಅವರೂ ಹೆಂಡತಿ ಮರೀ-ಮಡಲೇನ್ ಅವರೂ ಜೋರಾಗಿ ಗಾಯ ಮಾಡ್ಕೊಂಡ್ರು, ಅಲ್ಲಿಗೆ ಡ್ಯೂರುಫ್ಲೇ ಆರ್ಗನ್ ನುಡಿಸೋದೇ ನಿಂತೋಯ್ತು.

ನಿಮ್ಮ 'ಉಬಿ ಕಾರಿತಾಸ್' 1960ರ ನಾಲ್ಕು ಮೋಟೆಟ್‌ಗಳಲ್ಲಿ (ಕಾಯರ್‌ಗೆ ಬರೆದ ಚಿಕ್ಕ ಧಾರ್ಮಿಕ ಹಾಡುಗಳು) ಮೊದಲ್ನೇದು, ಅದೂ ಹಳೇ ಚಾಂಟ್ ಮೇಲೇ ಕಟ್ಟಿದ್ದು. ಪ್ರಾಕ್ಟೀಸ್‌ಗೆ ಮುಂಚೆ ಎಲ್ಲರೂ ಸೇರಿ ಹಾರ್ಮನಿ ಬಿಟ್ಟು ಬರೀ ಚಾಂಟ್ ಹಾಡಿ. ತಾಳ ಲೆಕ್ಕ ಹಾಕ್ಬೇಡಿ, ಲ್ಯಾಟಿನ್ ಪದಗಳು ಎಲ್ಲಿ ಒತ್ತು ಕೇಳ್ತವೋ ಅಲ್ಲಿ ಕೊಡಿ. ಆಲ್ಟೋದವರಿಗೆ (ಹೆಂಗಸರ ಕೆಳದನಿಯ ಭಾಗ ಹಾಡೋರಿಗೆ) ವಿಶೇಷವಾಗಿ ಹೇಳಿ, ಶುರುವಲ್ಲಿ ಚಾಂಟ್ ಅವರ ಕೈಲೇ ಇರತ್ತೆ, ಉಳಿದೋರು ಅದಕ್ಕಿಂತ ಮೆತ್ತಗಿರ್ಬೇಕು.