ಕಾರವಾರದಲ್ಲಿ ಮೀನಿನ ಬಲೆ ಮುಳುಗುತ್ತೆ, ಹಗ್ಗ ತೇಲುತ್ತೆ. ಎರಡೂ ಪ್ಲಾಸ್ಟಿಕ್ಕೇ ಅಲ್ವಾ?

ಪ್ಲಾಸ್ಟಿಕ್ಕೇ, ಆದರೆ ಹುಟ್ಟು ಬೇರೆ. ಕಾರವಾರದ ಮೀನುಗಾರಿಕಾ ಬಂದರು ಬೈತಖೋಲದ ಸಣ್ಣ ದೋಣಿಗಳ ತೆಳುನೂಲಿನ ಬಲೆ ಸಾಮಾನ್ಯವಾಗಿ ನೈಲಾನ್. ತೇಲುವ ಹಗ್ಗ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್.

ಪಾಲಿಥೀನ್‌ನಲ್ಲಿ ಎಥಿಲೀನ್ ಅಣುಗಳು ಏನನ್ನೂ ಕಳೆದುಕೊಳ್ಳದೆ ಕೂಡಿಕೊಳ್ಳುತ್ತವೆ. ಸಂಘನನ ಪಾಲಿಮರ್‌ನಲ್ಲಿ, ಅಂದರೆ ಕೂಡುವಾಗ ಸಣ್ಣ ಅಣುವೊಂದನ್ನು ಹೊರಹಾಕುವ ಉದ್ದ ಸರಪಳಿಯಲ್ಲಿ, ಹಾಗಲ್ಲ. ನೈಲಾನ್ 6,6ರಲ್ಲಿ ಡೈಅಮೀನ್, ಅಡಿಪಿಕ್ ಆಮ್ಲ ಎಂಬ ಎರಡು ರಾಸಾಯನಿಕಗಳು ಸೇರುವಾಗ ಪ್ರತಿ ಕೊಂಡಿಗೂ ಒಂದು ನೀರಿನ ಅಣು ಹೊರಬಿದ್ದು ಅಮೈಡ್ ಬಂಧ (ಇಂಗಾಲ-ಸಾರಜನಕದ ಕೊಂಡಿ) ಉಳಿಯುತ್ತದೆ. (ಬಲೆಗೆ ಹೆಚ್ಚು ಬಳಸುವ ನೈಲಾನ್ 6 ಬೇರೆ ದಾರಿಯಲ್ಲಿ ತಯಾರಾದರೂ ಬಂಧ ಅದೇ.) ಈ ಅಮೈಡ್‌ಗಳು ಪಕ್ಕದ ಸರಪಳಿಯನ್ನು ಹೈಡ್ರೋಜನ್ ಬಂಧದಿಂದ ಬಿಗಿಯಾಗಿ ಹಿಡಿಯುವುದರಿಂದಲೇ ನೂಲಿಗೆ ಅಷ್ಟು ಬಲ. ಇನ್ನು ಮುಳುಗುವ, ತೇಲುವ ಮಾತು: ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ ನೈಲಾನ್ ಸಾಂದ್ರತೆ ಸುಮಾರು 1.14, ಸಮುದ್ರದ ನೀರಿನದು 1.025, ಪಾಲಿಥೀನ್‌ನದು 0.95ರ ಆಸುಪಾಸು. ನೀರಿಗಿಂತ ಸಾಂದ್ರವಾದ ಬಲೆ ಮುಳುಗುತ್ತೆ, ಹಗುರಾದ ಹಗ್ಗ ತೇಲುತ್ತೆ.

ಅಮೈಡ್ ನೀರನ್ನೂ ಹೀರುತ್ತದೆ. ಒದ್ದೆಯಾದಾಗ ನೂಲಿನ ಬಲ ತುಸು ಇಳಿಯುತ್ತದೆ. ಆದರೂ ಬಲೆಗೆ ಉಪ್ಪುನೀರಿಗಿಂತ ಬಿಸಿಲೇ ದೊಡ್ಡ ಶತ್ರು, ದಡದಲ್ಲಿ ಮುಚ್ಚಿಡಿ.