ಬೆಂಗಳೂರಿನಿಂದ ದುಬೈಗೆ ಎಷ್ಟು ದೂರ? ಹೋಗುವಾಗ ಎರಡೂ ಮುಕ್ಕಾಲು ಗಂಟೆ, ಬರುವಾಗ ಐದು ಗಂಟೆ ಯಾಕೆ?

ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು 12.40ಕ್ಕೆ ದುಬೈ ಸೇರುತ್ತೆ, ವಾಪಸ್ ಬರುವಾಗ ರಾತ್ರಿ 9.50ಕ್ಕೆ ಹೊರಟು 3ಕ್ಕೆ ಇಳಿಯುತ್ತೆ, ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದ್ದೀರಿ. ನನ್ನ ತಮ್ಮ ದುಬೈಗೆ ಹೋದ ವರ್ಷ ನಮ್ಮಪ್ಪನೂ ಟಿಕೆಟ್ ಹಿಡಿದುಕೊಂಡು ಇದನ್ನೇ ಕೇಳಿದ್ದರು: "ಬರುವಾಗ ಏನು, ಮುಳಬಾಗಿಲು ಸುತ್ತಿಕೊಂಡು ಬರುತ್ತಾ?"

ಸುತ್ತೋದೇನೂ ಇಲ್ಲ. ನೇರ ದೂರ ಸುಮಾರು 2,700 ಕಿ.ಮೀ. ಟಿಕೆಟ್‌ನಲ್ಲಿ ಹಾಕೋದು ಆಯಾ ಊರಿನ ಗಡಿಯಾರದ ಸಮಯ, ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಯ 12.40 ಅಂದರೆ ನಮಗೆ ಮಧ್ಯಾಹ್ನ 2.10. ಹಾಗಾಗಿ ಹೋಗೋಕೆ ನಿಜವಾಗಿ 4 ಗಂಟೆ 10 ನಿಮಿಷ. ಅಲ್ಲಿಯ ರಾತ್ರಿ 9.50 ನಮ್ಮ 11.20, ಬರೋಕೆ 3 ಗಂಟೆ 40 ನಿಮಿಷ. ಅಂದರೆ ನೀವು ಅಂದುಕೊಂಡದ್ದಕ್ಕೆ ಉಲ್ಟಾ, ಬರುವಾಗಲೇ ಬೇಗ.

ಆ ಅರ್ಧ ಗಂಟೆ ಉಳಿಸೋದು ಗಾಳಿ. ಅಷ್ಟೆತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಆ ದಾರಿಯ ಉತ್ತರದ ಕಡೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಇರುತ್ತೆ. ವಿಮಾನದ ವೇಗ ಗಂಟೆಗೆ 850 ಕಿ.ಮೀ., ಗಾಳಿಯದು 80 ಅಂತ ಇಟ್ಟುಕೊಳ್ಳಿ. ಎದುರುಗಾಳಿಯಲ್ಲಿ 770ಕ್ಕೆ ಇಳಿದು ಮೂರೂವರೆ ಗಂಟೆ ಹಿಡಿಯುತ್ತೆ, ಬೆನ್ನಿಗೆ ಗಾಳಿ ಸಿಕ್ಕರೆ 930ಕ್ಕೆ ಏರಿ ಮೂರು ಗಂಟೆಯೊಳಗೇ ಮುಗಿಯುತ್ತೆ. ರನ್‌ವೇವರೆಗಿನ ಓಡಾಟ, ಏರೋದು ಇಳಿಯೋದರ ನಿಧಾನ ಎಲ್ಲ ಸೇರಿಸಿದರೆ ಟಿಕೆಟ್ ಲೆಕ್ಕಕ್ಕೇ ಬಂದು ನಿಲ್ಲುತ್ತೆ. ಭೂಮಿ ತಿರುಗೋದರಿಂದ ಹೀಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತೆ, ಅದರೊಳಗಿನ ವಿಮಾನವೂ ತಿರುಗುತ್ತೆ.

ನೀವು ಕೋಲಾರದವರು ಅಂದಿರಿ, ಹಾಗಾಗಿ ಮನೆಯಿಂದಲೇ ಲೆಕ್ಕ ಹಾಕಿ. ನಾವು ವೇಮಗಲ್, ಎಚ್. ಕ್ರಾಸ್, ವಿಜಯಪುರದ ಮೇಲೆ ದೇವನಹಳ್ಳಿಗೆ ಹೋಗೋದು. ಒಂದೂವರೆ ಗಂಟೆ ಸಾಕು, ಟೊಮೆಟೊ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಎರಡು. ಮೂರು ಗಂಟೆ ಮುಂಚೆ ಅಲ್ಲಿರಬೇಕು, ಆದ್ದರಿಂದ 10ರ ವಿಮಾನಕ್ಕೆ ಬೆಳಗಿನ ಜಾವ 5ಕ್ಕೇ ಮನೆ ಬಿಡಿ. ಡ್ರೈವರ್‌ಗೆ ಟರ್ಮಿನಲ್ 2 ಅಂತ ಮೊದಲೇ ಹೇಳಿ, 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಅಲ್ಲಿಂದಲೇ.

ನಾನು ಎಡವಿದ್ದು ವಾಪಸ್ ಬರುವ ತಾರೀಖಿನಲ್ಲಿ. ತಮ್ಮ ಫೋನಿನಲ್ಲಿ "15ಕ್ಕೆ ಬರ್ತೀನಣ್ಣ, ಮೂರು ಗಂಟೆಗೆ" ಅಂದಿದ್ದ. ನಾನು 15ರ ಮಧ್ಯಾಹ್ನ ಮೂರು ಅಂದುಕೊಂಡು, ಅಮ್ಮನಿಗೆ ಅಡುಗೆ ಬೇಗ ಮುಗಿಸೋಕೆ ಹೇಳಿ, 14ರ ರಾತ್ರಿ ಆರಾಮಾಗಿ ಮಲಗಿದೆ. ನಾಲ್ಕು ಗಂಟೆಗೆ ಫೋನು. "ಎಲ್ಲಿದ್ದೀಯಣ್ಣ? ನಾನು ಹೊರಗೆ ನಿಂತಿದ್ದೀನಿ." ಹಾಸಿಗೆಯಲ್ಲಿದ್ದೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ, ದಾರಿಯಲ್ಲಿದ್ದೀನಿ ಅಂದೆ. ಎರಡು ವರ್ಷ ಆದಮೇಲೆ ಬಂದವನು ಎರಡು ಲಗೇಜ್ ಇಟ್ಟುಕೊಂಡು ಆರು ಗಂಟೆವರೆಗೂ ಅಲ್ಲೇ ಕೂತಿದ್ದ.

ಹಾಗಾಗಿ 9.50ರ ವಿಮಾನ ಅಂದರೆ ಹೊರಡೋದು ಒಂದು ತಾರೀಖು, ಇಳಿಯೋದು ಮಾರನೇ ತಾರೀಖು. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ +1 ಅಂತ ಇರುತ್ತೆ ನೋಡಿ. ಇಮಿಗ್ರೇಷನ್, ಲಗೇಜ್ ಮುಗಿಸಿ ಹೊರಬರೋಕೆ ನಾಲ್ಕು ಆಗುತ್ತೆ. ಕರೆದುಕೊಂಡು ಬರೋಕೆ ಹೋಗುವವರು ಎರಡು ಗಂಟೆ ರಾತ್ರಿಗೆ ಕೋಲಾರ ಬಿಟ್ಟರೆ ಸರಿಯಾಗುತ್ತೆ.